ಜಾಜಿ ಬಳ್ಳಿಯ ಬುಡ

ದಂತವೈದ್ಯರ ಕೋಣೆಯ ಹೊರಗೆ ದರ್ಜಿಯೊಬ್ಬ ಕಿತ್ತ ಹಲ್ಲಿನ ಜಾಗಕ್ಕೆ ಹತ್ತಿ ಕಚ್ಚಿಕೊಂಡು ಕುಳಿತಿದ್ದ. ಪಕ್ಕದ ಬೆಂಚಿನಲ್ಲಿ ಅತ್ತಿಗೆ, ನಾದಿನಿ ಮಾತಿಗೆ ಕೂತಿದ್ದರು. ನೋವು ಮರೆಯಲು ಅವನು ಅತ್ತ ಕಿವಿಗೊಟ್ಟ.

“ನಾಳೆ ಹೊಸ ಜಾಜಿ ಸಸಿ ತರ್ತೀನಿ. ಬಿಸಿಲು ಬೀಳೋ ಗೋಡೆಗೆ ಹಬ್ಬಿಸಿದ್ರೆ ವರ್ಷಪೂರ್ತಿ ಹಸಿರಾಗಿರತ್ತೆ,” ಎಂದಳು ಅತ್ತಿಗೆ.

“ಬೇಡ ಅತ್ತಿಗೆ.”

“ಯಾಕೆ? ಹಳೇ ಬಳ್ಳಿ ಬುಡಕ್ಕೇ ಕತ್ತರಿ ಹಾಕಿದ ಆ ಮಾಲೀನ ಕೆಲಸದಿಂದ ಬಿಡಿಸಿ ಆಯ್ತಲ್ಲ. ಹನ್ನೆರಡು ವರ್ಷ ಕೆಲಸ ಮಾಡಿದೋನು, ಕೊನೆವರೆಗೂ ತಪ್ಪು ಒಪ್ಕೊಳ್ಳಲಿಲ್ಲ.”

ನಾದಿನಿ ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು.

“ಕತ್ತರಿಸಿದ್ದು ಅವನಲ್ಲ. ನಾನು.”

“ನೀನಾ?”

“ಹೂ ಬಿಟ್ಟಾಗೆಲ್ಲ ನನ್ನ ಮಗೂಗೆ ಉಬ್ಬಸ ಬರ್ತಿತ್ತು. ನೀವು ಅಷ್ಟು ಆಸೆಯಿಂದ ಬೆಳೆಸಿದ್ದು, ಹೇಳೋಕೆ ಬಾಯಿ ಬರ್ಲಿಲ್ಲ.”

“ಹೇಳಿದ್ರೆ ನಾನೇ ಕಿತ್ತು ಹಾಕ್ತಿದ್ದೆ ಕಣೇ! ಮಗೂಗಿಂತ ಬಳ್ಳಿ ಹೆಚ್ಚಾ?”

ಅತ್ತಿಗೆ ಅವಳತ್ತ ತಿರುಗಿ ಕೂತಳು.

“ಅವನನ್ನ ಗೇಟಿನ ಹತ್ರ ನಿಲ್ಲಿಸಿ ನಾನು ಬಾಯಿಗೆ ಬಂದಂಗೆ ಬೈದೆ. ನೀನು ಕಿಟಕೀಲೇ ಇದ್ದೆ.”

“ಇದ್ದೆ. ಪರದೆ ಎಳ್ಕೊಂಡೆ.”

ದರ್ಜಿ ಉಗುಳು ನುಂಗುವುದನ್ನೂ ಮರೆತ.

“ಈಗೆಲ್ಲಿದ್ದಾನೆ ಅವನು?”

“ಬಸ್ ನಿಲ್ದಾಣದ ಹಿಂದೆ ಸಸಿ ಮಾರ್ತಾನೆ. ಎರಡು ಸಲ ಅಲ್ಲೀತನಕ ಹೋದೆ. ಮುಖ ತೋರ್ಸೋಕಾಗದೆ ವಾಪಸ್ ಬಂದೆ.”

ಅತ್ತಿಗೆ ಎದ್ದಳು.

“ನಡಿ. ನೀನು ಮಾಡಿದ್ದು ನೀನು ಹೇಳು, ನಾನು ಬೈದಿದ್ದಕ್ಕೆ ನಾನು ಕ್ಷಮೆ ಕೇಳ್ತೀನಿ.”

“ಅವನು ಮಾತೇ ಆಡದಿದ್ರೆ?”

“ಆಡದಿರ್ಲಿ. ಕೇಳಿಸ್ಕೊಂಡ್ರೆ ಸಾಕು.”

ನರ್ಸ್ ಹೊರಗೆ ಬಂದು ಅತ್ತಿಗೆಯ ಹೆಸರು ಕೂಗಿದಳು. ಅಷ್ಟರಲ್ಲಿ ಅತ್ತಿಗೆ ನಾದಿನಿಯ ರಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.