ಬಿಸಿಲಿಗೆ ಪಾಸಾದ ಗಿಡ

ಸಹೃದಯ ವಾಚಕ ಮಹಾಶಯರೇ, ಪರರ ಮಾತಿಗೆ ಕದ್ದು ಕಿವಿಗೊಡುವುದು ಸಭ್ಯರ ಲಕ್ಷಣವಲ್ಲವೆಂಬುದನ್ನು ಬಲ್ಲವನಾಗಿಯೂ, ಅಲೆಮಾರಿಯೊಬ್ಬನು ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ತನ್ನ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ತೆರೆದೇ ಕುಳಿತಿದ್ದನು. ಪಕ್ಕದಲ್ಲಿ ಹೂಗಿಡಗಳ ನರ್ಸರಿಯ ಇಬ್ಬರಿದ್ದರು: ಹೊಸ ತಳಿ ಬೆಳೆಸುವ ಮುದುಕ ಮಾಲಿ, ಮತ್ತು ಕಡು ಬಿಸಿಲಿನಲ್ಲಿ ಯಾವ ಗಿಡ ಬಾಡದೆ ಹೂ ಬಿಡುತ್ತದೆಂದು ನೋಡಿ ಅಂಕ ಹಾಕುವ ಹೆಂಗಸು.

“ಐದು ವರ್ಷಕ್ಕೆ ನನ್ನದೊಂದು ಗಿಡ ಪಾಸಾಯ್ತು ಮೇಡಂ. ಇನ್ನು ರಸ್ತೆ ಬದಿಗೆಲ್ಲ ಅದೇ ಹೂವು.”

“ಯಜಮಾನರೇ, ಆ ಗಿಡ ನಿಜವಾಗಿ ಪಾಸಾಗಿಲ್ಲ.”

“ತಮಾಷೆ ಮಾಡಬೇಡಿ. ಸುತ್ತಲಿನವೆಲ್ಲ ತಲೆ ಬಾಗಿಸಿದ್ರೂ ಅದೊಂದು ಮದುವಣಗಿತ್ತಿ ಹಾಗೆ ನಿಂತಿತ್ತು.”

“ದಿನಾ ಮಧ್ಯಾಹ್ನ ಅದರ ಪಕ್ಕ ಕೊಡೆ ಬಿಚ್ಚಿ ಕೂತು ಊಟ ಮಾಡ್ತಿದ್ದೆ. ನೆರಳು ಅದರ ಮೇಲೂ ಬೀಳ್ತಿತ್ತು. ಇವತ್ತು ಹೊಳೀತು, ಪಾಸಾದವುಗಳ ಪಟ್ಟಿಯಿಂದ ಅದನ್ನ ಹೊಡೆದು ಹಾಕಿ ಬಂದೆ.”

ಮಾಲಿ ಆಕೆಯ ಕಡೆಗೆ ತಿರುಗಿ ಕುಳಿತನು.

“ನಾವೆಲ್ಲ ಶೆಡ್ಡಲ್ಲಿ ಉಣ್ತೀವಲ್ಲ, ಅಲ್ಲಿಗೆ ಬರಬೇಡಿ ಅಂತ ಯಾರಂದ್ರು?”

“ಯಾರೂ ಅನ್ನಲಿಲ್ಲ. ನಾನು ಬಂದ್ರೆ ನಿಮ್ಮ ಮಾತು ನಿಲ್ಲುತ್ತೆ. ನಿಮ್ಮ ಗಿಡಗಳನ್ನ ಫೇಲ್ ಮಾಡೋಳು ನಾನೇ ಅಲ್ವಾ? ಆ ಗಿಡದ ಹತ್ತಿರ ಕೂತರೆ ಒಬ್ಬಳೇ ಅನ್ನಿಸ್ತಿರಲಿಲ್ಲ.”

“ನಾಳೆ ಬನ್ನಿ. ಮಾತು ನಿಂತರೆ ನಿಲ್ಲಲಿ, ಉಣ್ಣೋಕೂ ಬಾಯಿ ಬೇಕಲ್ಲ.”

ಬಸ್ಸು ಬಂದಿತು. ಮುಂದಿನ ಬಾಗಿಲಿನಿಂದ ಹತ್ತಿದ ಮಾಲಿ ತನ್ನ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ಆಕೆಗೆ ಜಾಗ ಹಿಡಿದನು. ಆಕೆ ಹಿಂದಿನ ಬಾಗಿಲಿನಿಂದ ಹತ್ತಿ ಅಲ್ಲೇ ನಿಂತಳು.

ಅಲೆಮಾರಿಯು ಒಬ್ಬನೇ ಉಣ್ಣಲು ಮನಸ್ಸು ಬಾರದೆ, ಬಿಚ್ಚದ ಬುತ್ತಿಯನ್ನು ಗಂಟಿನೊಳಕ್ಕೆ ತುರುಕಿ, ಗಂಟನ್ನು ಹೆಗಲಿಗೇರಿಸಿ, ತನ್ನ ಹಾದಿ ಹಿಡಿದನು.