ದಪ್ಪವಾಗುತ್ತಿದ್ದ ಬಾಣ

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು.

"ಪರದೆ, ಬಾಣದ ರೂಪ ಬದಲಾಯಿಸೋ ಈ ಥೀಮ್ ಸಾಫ್ಟ್‌ವೇರ್ ಹಾಕಿದಾಗಿಂದ ಮೌಸಿನ ಬಾಣ ವಾರವಾರ ತಾನಾಗೇ ದಪ್ಪ ಆಗ್ತಿದೆಯಪ್ಪ," ಎಂದರು ಯಜಮಾನರು.

"ತಾನಾಗೇ ಆಗಲ್ಲ ಸಾರ್. ಯಾರೋ ಸೆಟ್ಟಿಂಗ್ ಬದಲಾಯಿಸ್ತಿದಾರೆ," ಎಂದ ರಿಪೇರಿಯವನು.

ಹೆಂಡತಿ ಗೋಡೆಯ ಕಡೆ ನೋಡಿದರು.

ರಿಪೇರಿಯವನು ಸಾಫ್ಟ್‌ವೇರ್ ತೆಗೆದ. "ಈಗ ಮೊದಲಿನ ಹಾಗೇ ಇದೆ."

ಯಜಮಾನರು ಪರದೆಗೆ ಮೂಗು ತಾಗುವಷ್ಟು ಬಾಗಿ, ಬಹಳ ಹೊತ್ತು ಮೌಸ್ ಆಡಿಸಿದರು.

"ಬಾಣ ಎಲ್ಲಿದೆ ಕಣೇ?"

"ನಿಮ್ಮ ಎದುರಿಗೇ ಇದೆ ರೀ."

ಅವರು ಮೌಸ್ ಬಿಟ್ಟರು. "ದಪ್ಪ ಮಾಡ್ತಿದ್ದಿದ್ದು ನೀನೇನಾ?"

"ಕಣ್ಣಿನ ಡಾಕ್ಟ್ರ ಹತ್ರ ಬನ್ನಿ ಅಂದ್ರೆ ಕೇಳೋ ಪೈಕಿನಾ ನೀವು?"

"ವಾಪಸ್ ಹಾಕಪ್ಪ. ಇವಳು ಮಾಡಿದ್ದಷ್ಟೇ ದಪ್ಪ ಇರ್ಲಿ."

ಹೊರಡುವಾಗ ಯಜಮಾನರು ಬಾಗಿಲಲ್ಲಿ ನಿಂತು ಕೈ ಚಾಚಿದರು.

"ಮೆಟ್ಟಿಲು ಬಂದಾಗ ಹೇಳೇ."

"ದಿನಾ ಹೇಳ್ತಾನೇ ಇದೀನಲ್ಲ."