ಮೇಸ್ತ್ರಿಯ ಮೊಣಕಾಲಿಗೆ ಎಷ್ಟು ಸೂಜಿ?

ಮೂಳೆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ, ನನ್ನ ಪಕ್ಕ, ಟೈಲ್ಸ್ ಕೂರಿಸುವ ಮೇಸ್ತ್ರಿಯೊಬ್ಬ ಕಾಲು ಚಾಚಿ ಕೂತಿದ್ದ. ಎಕ್ಸ್‌ರೇ ಕವರು ಅವನ ಅಕ್ಕನ ತೊಡೆಯ ಮೇಲಿತ್ತು.

“ಸ್ಟೀರಾಯ್ಡ್ ಇಂಜೆಕ್ಷನ್ ಎಷ್ಟು ಹಾಕಿಸ್ಕೊಂಡೆ ಅಂತ ಡಾಕ್ಟ್ರು ಕೇಳಿದ್ರೆ ನಿಜ ಹೇಳೋ.”

“ಎರಡು ಅಂತೀನಿ.”

“ನನ್ಹತ್ರ ಎಂಟು ಅಂದಿದ್ದೆ!”

“ಎಂಟು ಅಂದ್ರೆ ಇನ್ನೊಂದು ಕೊಡಲ್ಲ ಅಕ್ಕಾ. ಸೋಮವಾರದಿಂದ ದೊಡ್ಡ ಹಾಲ್ ಕೆಲ್ಸ ಇದೆ.”

“ಸೂಜಿ ಚುಚ್ಚಿಸ್ಕೊಂಡು, ನೋವಿಲ್ಲ ಅಂತ ದಿನವಿಡೀ ಮಂಡಿಯೂರಿದೆ. ಮೂಳೆ ಮಧ್ಯದ ಮೆತ್ತೆ ಸವೆದೇ ಹೋಯ್ತು. ಪದೇ ಪದೇ ಹಾಕಿಸ್ಕೊಂಡ್ರೆ ಆ ಔಷಧಿನೂ ಅದನ್ನ ತಿನ್ನುತ್ತಂತೆ.”

“ಕಾಲಂತೂ ಕೈ ಕೊಡ್ತು, ನೀನೂ ಕೊಡ್ಬೇಡ.”

“ಹಲ್ಲು ಕಿರೀಬೇಡ. ಟೈಲ್ಸ್ ಮಧ್ಯೆ ಸಂದು ಬಿಡದೆ ಕೂರಿಸಿದ್ರೆ ಏನಾಗುತ್ತೆ?”

“ಒಂದಕ್ಕೊಂದು ಒತ್ತಿ ಅಂಚು ಒಡೆಯುತ್ತೆ.”

“ಎಕ್ಸ್‌ರೇಲಿ ನಿನ್ನ ಮೂಳೆ ಮಧ್ಯೆ ಸಂದೇ ಇಲ್ವಂತೆ.”

ನರ್ಸ್ ಕೂಗಿದಳು. ಮೇಸ್ತ್ರಿ ಗೋಡೆ ಹಿಡಿದು ಏಳಲು ನೋಡಿದ, ಆಗಲಿಲ್ಲ. ಅಕ್ಕ ಹೆಗಲು ಕೊಟ್ಟಳು. ಬಾಗಿಲ ಹತ್ತಿರ ಅವನು ನಿಂತ.

“ಅಕ್ಕಾ, ಎಂಟಲ್ಲ.”

“ಮತ್ತೆ?”

“ಹದಿನಾರು. ನಂಗೆ ಬಾಯಿ ಬರಲ್ಲ, ಒಳಗೆ ನೀನೇ ಹೇಳ್ಬಿಡು.”